ಗೋಪಾಲಪ್ಪನ ಎಡೆ

ಹೊಸಕೋಟೆ
10 ಅಕ್ಟೋಬರ್ 2024

ದಿವ್ಯ,

ಫೋನಿದ್ದೂ ಕಾಗದ ಬರೀತಿದ್ದಾಳೆ, ಅಮ್ಮನಿಗೆ ತಲೆ ಕೆಟ್ಟಿದೆ ಅಂದ್ಕೋಬೇಡ. ನಿನ್ನ ಫೋನು ಯಾವಾಗಲೂ ಸ್ಪೀಕರಲ್ಲಿರುತ್ತೆ. ನಾನು ಇಲ್ಲಿಂದ ‘ಊಟ ಆಯ್ತೇನೇ’ ಅಂದ್ರೆ ಆ ಕಡೆಯಿಂದ ನಿಮ್ಮತ್ತೆ ‘ಹೋ ಗಯಾ, ಹೋ ಗಯಾ’ ಅಂತಾರೆ. ಒಳ್ಳೆ ಹೆಂಗಸು, ನಾನೇನೂ ಅನ್ನಲ್ಲ. ಆದ್ರೆ ಮಗಳ ಹತ್ರ ಆಡೋ ಮಾತನ್ನ ಇಡೀ ಪಾಲಿ ಊರಿಗೆ ಕೇಳೋ ಹಾಗೆ ಆಡೋಕೆ ನಾನೇನು ಎಲೆಕ್ಷನ್ನಿಗೆ ನಿಂತಿದ್ದೀನಾ? ಕಾಗದ ಆದ್ರೆ ಆ ಮನೇಲಿ ನಿನ್ನೊಬ್ಬಳಿಗೇ. ನಮ್ಮ ಅಳಿಯ ಪಾರಸ್, ಇಲ್ಲೇ ನಮ್ಮ ಎದುರು ರಸ್ತೇಲಿ ಅವರಪ್ಪನ ಅಂಗಡಿಯಲ್ಲಿ ಬಲ್ಬ್ ಮಾರ್ತಾ ನಮ್ಮ ಹುಡುಗರಿಗಿಂತ ಚೆನ್ನಾಗಿ ಕನ್ನಡ ಆಡ್ತಿದ್ದ, ನಿಜ. ಮಾತು ಬರುತ್ತೆ, ಅಕ್ಷರ ಬರಲ್ಲ. ಅದೊಂದು ವಿಷಯದಲ್ಲಿ ದೇವರು ನನ್ನ ಪರ.

ಮೊನ್ನೆ ಹಿರಿಯರ ಹಬ್ಬದ ಮಾತು. ಮದುವೆ ಆದ ಮೇಲೆ ಮೊದಲನೇ ಸಲ ಆ ಹಬ್ಬಕ್ಕೆ ಬಂದಿದ್ದೀಯ ಅಂತ ನಾನು ಹೋಟ್ಲು ಮುಚ್ಚಿದ್ದೆ. ಹಳೇ ಮದ್ರಾಸ್ ರೋಡಲ್ಲಿ ಹೋಗೋ ಲಾರಿಯೋರೆಲ್ಲ ‘ಏನಕ್ಕಾ, ಬಿರಿಯಾನಿ ಇಲ್ವಾ’ ಅಂತ ಬಂದು ಬಾಗಿಲು ನೋಡಿ ಹೋದ್ರು. ನಿಮ್ಮಪ್ಪಂಗೆ ಮಟನ್ ಸಾರು, ಮುದ್ದೆ, ಕೈಮ ಉಂಡೆ, ಕಜ್ಜಾಯ. ಪಕ್ಕದಲ್ಲಿ ಅವರ ಬ್ರಾಂದಿ, ಅವರ ಬೀಡಿ. ಹೊಸ ಪಂಚೆ. ಬದುಕಿದ್ದಾಗ ನಾನು ಬೈದು ಕಿತ್ಕೊಂಡಿದ್ದನ್ನೆಲ್ಲ ಈಗ ಕೈಯಾರೆ ಇಟ್ಟು ಕರೀತೀನಿ, ಅದು ಬೇರೆ ಮಾತು.

ಧೂಪ ಹಾಕು ಬಾ ಅಂತ ನಿನ್ನ ಕರೆದೆ. ನೀನು ಹೊಸ್ತಿಲು ದಾಟಿದೆ. ದುಪ್ಪಟ್ಟ ಮೂಗಿಗೆ ಹೋಯ್ತು. ಆಮೇಲೆ ಹಿತ್ತಲಿಗೆ ಓಡಿದೆ. ನಲ್ಲಿ ಬಿಟ್ಕೊಂಡ್ರೆ ಸದ್ದು ಕೇಳಿಸಲ್ಲ ಅಂದ್ಕೊಂಡೆ. ಕೇಳಿಸ್ತು. ಬಸುರಿ ಇರಬೇಕು ಅಂತ ಒಂದು ಗಳಿಗೆ ಖುಷಿ ಪಟ್ಟೆ ಕಣೇ. ಆಮೇಲೆ ನಿನ್ನ ಮುಖ ನೋಡಿದೆ.

ಧೂಪ ನಾನೇ ಹಾಕಿದೆ. ಸತ್ತೋರು ಬಂದು ಉಣ್ಣೋ ಹೊತ್ತಲ್ಲಿ ಬಾಗಿಲು ಮುಚ್ಚಿ ಬದುಕಿರೋರು ಹೊರಗೆ ಕೂರಬೇಕು, ಸರಿ. ನಾನು ಜಗಲಿ ಮೇಲೆ ಕೂತೆ. ನೀನು ಮಗೂನ ಎತ್ಕೊಂಡು ಕಾರಿನೊಳಗೆ ಗಾಜು ಏರಿಸ್ಕೊಂಡು ಕೂತೆ.

ಒಂದೇ ಮಾತು ಕೇಳ್ತೀನಿ. ನಾನು ಹೋದ ಮೇಲೆ ನಿಮ್ಮಪ್ಪಂಗೆ ಯಾರು ಎಡೆ ಇಡ್ತಾರೆ? ನನಗೆ ಯಾರು ಇಡ್ತಾರೆ? ಜಗಳಕ್ಕೆ ಕೇಳ್ತಿಲ್ಲ. ನಾನು ಯಾವ ಕೆಲಸಾನೂ ನಾಳೆ ಯಾರು ಮಾಡ್ತಾರೆ ಅಂತ ಗೊತ್ತಿಲ್ಲದೆ ಬಿಟ್ಟೋಳಲ್ಲ. ನಿನಗೆ ಗೊತ್ತು.

ಇಂತಿ
ಮುನಿಲಕ್ಷ್ಮಮ್ಮ

(ಮಗಳಿಗೆ ಪೂರಾ ಹೆಸರು ಬರೆದುಬಿಟ್ಟೆ. ಚೆಕ್ಕಿಗೆ ಸಹಿ ಹಾಕಿ ಹಾಕಿ ಅಭ್ಯಾಸ. ಅಮ್ಮ ಅಂತ ಓದಿಕೋ.)


ಪಾಲಿ
5 ನವೆಂಬರ್ 2024

ಅಮ್ಮ,

ನಿನ್ನ ಕಾಗದ ಅತ್ತೆ ಕೈಗೆ ಸಿಕ್ಕಿತ್ತು. ಹಿಂದೆ ಮುಂದೆ ತಿರುಗಿಸಿ, ಸುರುಳಿ ಸುರುಳಿ ಕನ್ನಡ ಅಕ್ಷರ ನೋಡಿ, ‘ನಿಮ್ಮಮ್ಮ ಜಿಲೇಬಿ ಕಳಿಸಿದ್ದಾರೆ ನೋಡು’ ಅಂತ ನಗುತ್ತಾ ಕೊಟ್ಟರು. ಏನು ಬರೆದಿದ್ದಾರೆ ಅಂತ ಕೇಳಿದರು. ಎಲ್ಲರೂ ಚೆನ್ನಾಗಿದ್ದಾರಂತೆ ಅಂದೆ.

ಅಮ್ಮ, ಇದು ಜೈನರ ಮನೆ ನಿಜ, ಆದರೂ ಇಲ್ಲಿ ಯಾರೂ ನನಗೆ ಏನೂ ಬೇಡ ಅಂದಿಲ್ಲ. ಅದನ್ನ ಮೊದಲು ನಂಬು. ಮೊದಲ ವರ್ಷ ಪಾರಸ್ಸೇ, ‘ಲೇ, ಜೋಧಪುರಕ್ಕೆ ಹೋಗೋಣ, ಅಲ್ಲಿ ಯಾರೂ ನೋಡಲ್ಲ, ಮೊಟ್ಟೆ ಕೊಡಿಸ್ತೀನಿ’ ಅಂದಿದ್ದ. ನಾನೇ ಬೇಡ ಅಂದೆ. ಮೊದಲು ಅವರಿಗಾಗಿ ಮಾಂಸ, ಮೊಟ್ಟೆ ಬಿಟ್ಟೆ. ಆಮೇಲೆ ಈರುಳ್ಳಿ, ಆಲೂಗೆಡ್ಡೆ. ಆಮೇಲೆ ಹೊತ್ತು ಮುಳುಗಿದ ಮೇಲಿನ ಊಟ. ಯಾವ ದಿನ ನನಗಾಗಿ ಬಿಡೋಕೆ ಶುರು ಮಾಡಿದೆ ಅಂತ ಯೋಚಿಸಿದರೆ ಗೊತ್ತಾಗುತ್ತಿಲ್ಲ. ಈಗ ಸಂಜೆಯಾದರೆ ಹಸಿವೇ ಆಗಲ್ಲ.

ಆವತ್ತು ನಾನು ಬೇಕು ಅಂತ ಮಾಡಲಿಲ್ಲ. ಪ್ಲೇನಲ್ಲಿ ಬರುವಾಗಲೇ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಧೂಪ ಹಾಕಿ, ಅಪ್ಪನ್ನ ಕರೆದು, ಹೊರಗೆ ಬಂದುಬಿಡೋದು, ಅಷ್ಟೇ ಅಂತ. ಮನಸ್ಸು ಒಪ್ಪಿತ್ತು. ಹೊಟ್ಟೆ ಒಪ್ಪಲಿಲ್ಲ. ಇನ್ನೂ ಒಂದು ಇದೆ. ಬಂದ ದಿನ ನೀನು ಬಾಗಿಲಲ್ಲೇ ತಬ್ಬಿಕೊಂಡಾಗ ನಾನು ಉಸಿರು ಹಿಡಿದಿದ್ದೆ. ಹೋಟ್ಲಿಂದ ಹಾಗೇ ಬಂದಿದ್ದೆ ನೀನು. ಚಿಕ್ಕವಳಿದ್ದಾಗ ಅದೇ ಸೆರಗು ಮುಖದ ಮೇಲೆ ಎಳೆದುಕೊಂಡು ಮಲಗುತ್ತಿದ್ದೆ.

ಇದನ್ನ ಬರೆಯಬಾರದಿತ್ತೇನೋ. ಹೊಡೆದುಹಾಕಿದರೆ ಏನು ಹೊಡೆದೆ ಅಂತ ನೀನು ಬೆಳಕಿಗೆ ಹಿಡಿದು ನೋಡ್ತೀಯ. ಇರಲಿ.

ಮಾಂಸ ಇಲ್ಲದ ಎಡೆ ಆದರೆ ನಾನು ಇಡ್ತೀನಮ್ಮ. ಇಲ್ಲಿ ಲಾಪ್ಸಿ ಅಂತ ಮಾಡ್ತಾರೆ, ಗೋಧಿ ನುಚ್ಚಿನ ಸಿಹಿ, ತುಪ್ಪ ಸುರಿದು. ಚೆನ್ನಾಗಿ ಮಾಡೋಕೆ ಕಲಿತಿದ್ದೀನಿ. ಅಪ್ಪನಿಗೆ ನಡೆಯಲ್ವಾ?

ನಿನ್ನ
ದಿವ್ಯ


ಹೊಸಕೋಟೆ
20 ಜನವರಿ 2025

ದಿವ್ಯ,

ಸಂಕ್ರಾಂತಿ ಮುಗೀತು, ಅವರೆಕಾಯಿ ಇನ್ನೂ ಇದೆ. ಹಿತಕಿದ ಬೇಳೆ ಮಾಡಿದಾಗ ನಿನ್ನ ನೆನಪಾಯ್ತು ಅಂತ ಬರೆದ್ರೆ, ಅದರಲ್ಲಿ ಬೆಳ್ಳುಳ್ಳಿ ಇದೆಯಲ್ಲ ಅಂತೀಯ. ಅದಕ್ಕೇ ಬರೆಯಲ್ಲ.

ಸೋಪು ಬದಲಾಯಿಸಿದ್ದೀನಿ. ಗಂಧದ್ದು.

ಎಡೆ ವಿಷಯಕ್ಕೆ ಬರ್ತೀನಿ. ಲಾಪ್ಸಿ ನಡೆಯಲ್ಲ. ನಿಮ್ಮಪ್ಪಂಗೆ ಬದುಕಿದ್ದಾಗ ಪಾಯಸ ಕೊಟ್ರೆ ‘ಯಾರಿಗೆ ಜ್ವರ’ ಅಂತಿದ್ರು. ವರ್ಷಕ್ಕೆ ಒಂದು ಸಲ ಹಸ್ಕೊಂಡು ಅಷ್ಟು ದೂರದಿಂದ ಬರೋ ಮನುಷ್ಯಂಗೆ ಎಲೆ ತುಂಬಾ ಸಿಹಿ ಬಡಿಸಿದ್ರೆ, ತಪ್ಪು ಮನೆಗೆ ಬಂದೆ ಅಂತ ವಾಪಸ್ ಹೋಗ್ತಾರೆ. ನಾನು ಹೋಟ್ಲು ನಡೆಸೋಳು. ಗಿರಾಕಿ ಕೇಳಿದ್ದು ಕೊಡಬೇಕು, ನಮಗೆ ಮಾಡೋಕೆ ಬರೋದನ್ನಲ್ಲ.

ನೀನು ಬದಲಾದೆ ಅಂತ ದೂರೋಕೆ ಹೋದ್ರೆ ನನ್ನ ಹೋಟ್ಲ ಬೋರ್ಡೇ ನನ್ನ ನೋಡಿ ನಗುತ್ತೆ. ನಿಮ್ಮಪ್ಪ ಹೋದಾಗ ನನಗೆ ಬರ್ತಿದ್ದದ್ದು ಮುದ್ದೆ, ಸಾರು. ಬಿರಿಯಾನಿಗೆ ದಮ್ ಕಟ್ಟೋದನ್ನ ದಸ್ತಗೀರ್ ಸಾಬರ ಹತ್ರ ಕಲಿತೆ. ಗಿರಾಕಿಗೋಸ್ಕರ ಉರ್ದು ಕಲಿತೆ, ತೆಲುಗು ಕಲಿತೆ, ತಮಿಳಲ್ಲಿ ಬೈಯೋದು ಕಲಿತೆ. ಯಾರ ಹತ್ರ ಏನು ಒಳ್ಳೇದಿತ್ತೋ ಎಲ್ಲಾ ತಗೊಂಡೆ. ಆದ್ರೆ ಕೆಲಸ ಮುಗಿಸಿ ಮನೆಗೆ ಬಂದು ಬಾಗಿಲು ಹಾಕ್ಕೊಂಡ್ರೆ ನಾನು ತೂಬಗೆರೆ ಸೊಸೇನೇ. ನೀನು ಬಾಗಿಲು ಹಾಕ್ಕೊಂಡ್ರೆ ಯಾರಾಗಿರ್ತೀಯ? ಅದೊಂದು ಬರಿ.

ನಿಮ್ಮ ದೊಡ್ಡಪ್ಪ ಅಪ್ಪಯ್ಯಣ್ಣನ ಕಥೆ ನಿನಗೆ ಅರ್ಧ ಗೊತ್ತು. ನಿನ್ನ ಮದುವೆಗೆ ಮುಂಚೆ ನಿಮ್ಮಪ್ಪನ ಎಡೇನೂ ತೂಬಗೆರೆ ದೊಡ್ಡಮನೇಲೇ ಇಡ್ತಿದ್ರು. ಅಣ್ಣ ತಮ್ಮಂದಿರದು ಒಂದೇ ಸಾಲು. ನಿನ್ನ ಮದುವೆ ಒಪ್ಪಂದದ ದಿನ ನಿಮ್ಮ ಮಾವನ ಕಡೆಯೋರಿಗೆ ಅಂತ ಭಾವ, ನಿಮ್ಮ ದೊಡ್ಡಪ್ಪ, ಹೊಸ ಪಾತ್ರೆ ತಂದು, ಬೇರೆ ಒಲೆ ಹೂಡಿ, ಸಪ್ಪೆ ಅಡುಗೆ ಮಾಡಿಸಿದ್ರು. ಬರೋ ದಾರೀಲಿ ಟ್ರಾಫಿಕ್ಕು. ಎಲ್ಲಾ ಎಲೆ ಮುಂದೆ ಕೂತ್ರು. ನಿಮ್ಮ ಮಾವನ ಅಪ್ಪ, ಅಜ್ಜಾವರು, ಕಿಟಕಿ ಕಡೆ ನೋಡಿದ್ರು, ಹೊತ್ತು ಮುಳುಗಿತ್ತು, ಕೈ ಮುಗಿದು ಎದ್ರು. ಅವರ ಹಿಂದೆ ಎಲ್ಲರೂ ಎದ್ರು. ಅದು ಅವರ ನೇಮ ಅಂತ ನಾನು ಎಷ್ಟು ಹೇಳಿದ್ರೂ ಭಾವ ಕೇಳಲಿಲ್ಲ. ‘ಬಡಿಸಿದ ಎಲೆ ಮುಂದಿಂದ ಎದ್ದೋರಿಗೆ ಹೆಣ್ಣು ಕೊಟ್ಟೆ. ಇನ್ನು ನಿನ್ನ ಗಂಡನ ಎಡೆ ನಿನ್ನ ಮನೇಲೇ ಇಟ್ಕೋ’ ಅಂದ್ರು. ಸಾಲಿಂದ ನಿಮ್ಮಪ್ಪನ ಎಲೆ ತೆಗೆದುಬಿಟ್ರು.

ನಾನಿರೋವರೆಗೂ ಇಡ್ತೀನಿ. ಸೆಪ್ಟೆಂಬರಲ್ಲಿ ಹಬ್ಬ. ಮೂಗಿಗೆ ಏನಾದ್ರೂ ಕಟ್ಕೊಂಡಾದ್ರೂ ಸರಿ, ಬಂದು ಒಂದು ಚಿಟಿಕೆ ಧೂಪ ಹಾಕು. ಹೇಗೆ ಮಾಡಬೇಕು ಅಂತ ತೋರಿಸಿಕೊಡ್ತೀನಿ.

ನಿನ್ನ ದಾರಿ ನೋಡ್ತಿರೋ
ಅಮ್ಮ


ಪಾಲಿ
14 ಏಪ್ರಿಲ್ 2025

ಅಮ್ಮ,

ಕಾಗದ ಬರೆಯೋದು ತಡವಾಯಿತು. ಯುಗಾದಿ ದಿನ ನೀನು ಫೋನ್ ಮಾಡಿದ ಮೇಲೇ ಯುಗಾದಿ ಅಂತ ಗೊತ್ತಾಗಿದ್ದು. ಬೇವು ಇಲ್ಲೂ ಇದೆ, ಮನೆ ಮುಂದೇನೇ ಮರ ಇದೆ.

ಈ ಸಲ ಆಗಸ್ಟಲ್ಲಿ ಇವರ ಪರ್ಯೂಷಣ ಹಬ್ಬದಲ್ಲಿ ಎಂಟು ದಿನ ಪೂರ್ತಿ ಉಪವಾಸ ಮಾಡ್ತೀನಿ ಅಂತ ಹೇಳಿದ್ದೀನಿ. ಕಾಯಿಸಿದ ನೀರು ಬಿಟ್ಟು ಏನೂ ಇಲ್ಲ. ಹುಟ್ಟಿನಿಂದ ಜೈನರಾದವರೂ ಎಷ್ಟೋ ಜನ ಮಾಡಲ್ಲ. ಅತ್ತೆ ಕಣ್ಣಲ್ಲಿ ನೀರು ಬಂತು. ಅಷ್ಟು ದಿನದ ಉಪವಾಸ ಆದ ಮೇಲೆ ಪ್ರಯಾಣ ಆಗಲ್ಲ, ಮಳೆಗಾಲದ ನಾಲ್ಕು ತಿಂಗಳು ನೇಮಗಳೂ ಜಾಸ್ತಿ. ಹಾಗಾಗಿ ಸೆಪ್ಟೆಂಬರಿಗೆ ಬರೋದು ಕಷ್ಟ.

ಮಗು ಚೆನ್ನಾಗಿದೆ. ಶಾಲೆಯಲ್ಲಿ ‘ನಿಮ್ಮ ನಾನಿ (ಅಜ್ಜಿ) ಮನೆ ಎಲ್ಲಿ’ ಅಂದರೆ ‘ಬೆಂಗಳೂರ್’ ಅಂತಾಳೆ. ಹೊಸಕೋಟೆ ಅಂತ ಹೇಳಿಕೊಟ್ಟೆ, ಮರೀತಾಳೆ.

ದಿವ್ಯ


ಹೊಸಕೋಟೆ
6 ಸೆಪ್ಟೆಂಬರ್ 2025

ನನ್ನ ಬಂಗಾರ,

ಏಪ್ರಿಲ್ಲಿಂದ ನಾನು ಕಾಗದ ಬರೆಯಲಿಲ್ಲ. ಕೋಪ ಇತ್ತು. ಫೋನಲ್ಲಿ ಚೆನ್ನಾಗಿದ್ದೀನಿ, ಚೆನ್ನಾಗಿದ್ದೀಯಾ ಅಂತ ಕಾಲ ತಳ್ಳಿದೆ. ಉಪವಾಸ ಮುಗಿದ ಮೇಲೆ ಪಾರಸ್ ಕಳಿಸಿದ ಮೆರವಣಿಗೆ ಫೋಟೋ ನೋಡಿದೆ. ಮದುವೆ ದಿನಕ್ಕಿಂತ ಜೋರಾಗಿ ಸಿಂಗಾರ ಮಾಡಿ ರಥದ ಮೇಲೆ ಕೂರಿಸಿದ್ದಾರೆ. ಕೆನ್ನೆ ಒಳಗೆ ಹೋಗಿದೆ. ಗುರುತು ಹಿಡಿಯೋಕೆ ಫೋಟೋ ದೊಡ್ಡದು ಮಾಡಬೇಕಾಯ್ತು.

ಆದ್ರೆ ಮೊನ್ನೆ ಮಂಗಳವಾರ ನಿನ್ನ ಕಾರ್ಡು ಬಂತು.

ದಪ್ಪ ಕಾಗದ, ಚಿನ್ನದ ಬಣ್ಣದ ಅಕ್ಷರ. ಯಾರದೋ ಮದುವೆ ಕರೆಯೋಲೆ ಅಂದ್ಕೊಂಡೆ. ಎಲ್ಲಾ ಹಿಂದಿ. ಪಕ್ಕದ ಬೀದಿ ಹಿಂದಿ ಟೀಚರ್ ಕೀರ್ತನ ಇದ್ದಾಳಲ್ಲ, ಅವಳ ಹತ್ರ ತಗೊಂಡು ಹೋದೆ. ಅವಳು ಒಂದೊಂದೇ ಸಾಲು ಕನ್ನಡ ಮಾಡಿದಳು. ತಿಳಿದೋ ತಿಳಿಯದೆಯೋ, ಮನಸ್ಸಿನಿಂದ, ಮಾತಿನಿಂದ, ದೇಹದಿಂದ ನಿಮ್ಮನ್ನು ನೋಯಿಸಿದ್ದರೆ ಎರಡೂ ಕೈ ಮುಗಿದು ಕ್ಷಮೆ ಬೇಡುತ್ತೇವೆ. ‘ದೇಹದಿಂದ ಅಂತ ಇದೆಯೇನೇ? ಸರಿಯಾಗಿ ನೋಡು’ ಅಂದೆ. ‘ಇದೆ ಆಂಟಿ’ ಅಂದಳು.

ಅಲ್ಲೇ ಅವಳ ಮೆಟ್ಟಿಲ ಮೇಲೆ ಕೂತ್ಬಿಟ್ಟೆ. ಹಿತ್ತಲಿಗೆ ಓಡಿದ್ದನ್ನ, ಉಸಿರು ಹಿಡಿದಿದ್ದನ್ನ ನೀನು ಇಷ್ಟು ದಿನ ಮನಸ್ಸಲ್ಲಿ ಇಟ್ಕೊಂಡು ಕೊರಗಿದ್ದೀಯ. ಎಂಟು ದಿನ ಉಪವಾಸ ಕೂತಿದ್ದೂ ಅದಕ್ಕೇ ಇರಬೇಕು. ನಾನು ಏನೇನೋ ಅಂದ್ಕೊಂಡೆ ನೋಡು. ಕೆಳಗೆ ನಿಮ್ಮ ಮಾವ, ಅತ್ತೆ, ಅಜ್ಜಾವರು, ಎಲ್ಲರ ಹೆಸರು. ಮನೆಮಂದಿಯೆಲ್ಲ ಸೇರಿ ಕೇಳಿದ್ದಾರೆ!

ಮಾರನೇ ದಿನಾನೇ ಕಾರ್ಡು ಸೆರಗಲ್ಲಿ ಸುತ್ಕೊಂಡು ತೂಬಗೆರೆಗೆ ಹೋದೆ. ಆ ಮನೆ ಮೆಟ್ಟಿಲು ಹತ್ತಿ ಎಷ್ಟು ಕಾಲ ಆಗಿತ್ತೋ. ಭಾವ ಹಸುಗೆ ಹುಲ್ಲು ಹಾಕ್ತಿದ್ರು.

‘ಯಾರಮ್ಮ ಅದು?’ ಅಂದ್ರು, ಚೆನ್ನಾಗಿ ನೋಡ್ಕೊಂಡೇ.

‘ನಾನು, ಭಾವ.’

‘ನಾನು ಅಂದ್ರೆ? ನಾನು ಅನ್ನೋರು ಊರು ತುಂಬಾ ಇದ್ದಾರೆ.’

‘ಗೋಪಾಲಪ್ಪನ ಹೆಂಡತಿ. ಅವರೊಬ್ಬರೇ ಇದ್ದದ್ದು ಊರಲ್ಲಿ.’

ಕಾರ್ಡು ಕೈಗಿಟ್ಟು ವಿಷಯ ಹೇಳಿದೆ. ನಂಬಲಿಲ್ಲ. ಮಗ ಬೈರೇಶನ್ನ ಕೂಗಿದ್ರು. ಅವನು ಫೋನ್ ಹಿಡಿದ, ಹಿಂದಿ ಹೋಗಿ ಕನ್ನಡ ಬಂತು. ‘ಚಿಕ್ಕಮ್ಮ ಹೇಳಿದ್ದು ಸರಿ ಕಣಪ್ಪ. ಕ್ಷಮೆ ಅಂತಾನೇ ಇದೆ’ ಅಂದ.

‘ಆ ಮುದುಕಪ್ಪಂದೂ ಹೆಸರಿದೆಯಾ? ಮೊದಲು ಎದ್ದೋನು ಅವನೇ.’

‘ಮೇಲೇ ಇದೆ. ಎಲ್ಲರಿಗಿಂತ ಮೊದಲು.’

ಭಾವ ಹುಲ್ಲಿನ ಹೊರೆ ಮೇಲೇ ಕೂತ್ರು. ಹಸು ಅವರ ಟವಲ್ ಎಳೀತಿತ್ತು, ಗಮನ ಇಲ್ಲ. ‘ನಮ್ಮ ಕಡೆ ಬಾಯಲ್ಲಿ ಕೇಳೋಕೂ ಗತಿ ಇಲ್ಲ. ಅವರು ಪ್ರಿಂಟ್ ಮಾಡ್ಸಿ ಕೇಳಿದ್ದಾರಲ್ಲೋ ಬೈರೇಶ. ನಾನೂ ಅವತ್ತು ಜಾಸ್ತಿ ಆಡ್ಬಿಟ್ಟೆ’ ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, ‘ಈ ಸಲ ಗೋಪಾಲನ ಎಲೆ ಇಲ್ಲೇ ಹಾಕ್ತೀವಿ. ಮಗಳಿಗೆ ಹೇಳು, ಬರಲಿ’ ಅಂದ್ರು.

ಬರ್ತಾಳೆ ಅಂದೆ. ಕ್ಷಮೆ ಕೇಳಿದೋಳು ಬರದೇ ಇರ್ತಾಳಾ? ಇಪ್ಪತ್ತೊಂದನೇ ತಾರೀಕು, ಭಾನುವಾರ. ಅಡುಗೆಮನೆ ಹತ್ರ ನೀನು ಬರಬೇಡ, ಧೂಪದ ಹೊತ್ತಿಗೆ ಬಂದ್ರೆ ಸಾಕು.

ಕ್ಷಮಿಸೋಕೆ ಏನೂ ಇಲ್ಲ ಕಣೇ. ಬಾ.

ಅಮ್ಮ


ಪಾಲಿ
12 ಸೆಪ್ಟೆಂಬರ್ 2025

ಅಮ್ಮ,

ನಿನ್ನ ಕಾಗದ ನಿನ್ನೆ ಬಂತು. ತಕ್ಷಣ ಫೋನ್ ಮಾಡಿದೆನಲ್ಲ, ಹೇಳಬೇಕು ಅಂತಲೇ ಮಾಡಿದ್ದು. ನೀನು ‘ಹಲೋ’ ಅಂದ ಖುಷಿ ಕೇಳಿ, ಮಗುವಿನ ಕೆಮ್ಮಿನ ವಿಷಯ ಮಾತಾಡಿ ಇಟ್ಟುಬಿಟ್ಟೆ.

ಅಮ್ಮ, ಆ ಕಾರ್ಡು ನಿನಗೆ ಅಂತ ಬರೆದದ್ದಲ್ಲ. ಪರ್ಯೂಷಣ ಮುಗಿಯೋ ದಿನ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳೋದು ಇಲ್ಲಿಯ ಪದ್ಧತಿ. ಗಂಡ ಹೆಂಡತಿಯ ಹತ್ತಿರ, ಅಂಗಡಿಯವರು ಗಿರಾಕಿ ಹತ್ತಿರ. ನಮ್ಮ ಮನೆಯಿಂದ ಕಟ್ಟು ಕಟ್ಟು ಕಾರ್ಡು ಹೋಗುತ್ತೆ. ಗ್ಯಾಸ್ ಏಜೆನ್ಸಿಯವರಿಗೂ ಹೋಗಿದೆ. ಮನಸ್ಸು, ಮಾತು, ದೇಹ ಅನ್ನೋ ಸಾಲು ಎಲ್ಲ ಕಾರ್ಡಲ್ಲೂ ಇರುತ್ತೆ. ಈ ಸಲ ವಿಳಾಸಗಳನ್ನ ನಾನು ಬರೆದೆ, ಆಗ ನಿನ್ನದೂ ಸೇರಿಸಿದೆ. ಅಷ್ಟೇ ನಾನು ಮಾಡಿದ್ದು.

ಬರೀ ಪದ್ಧತಿ ಅಂತ ಹಗುರ ಮಾಡ್ತಿಲ್ಲ. ಆ ದಿನ ಅತ್ತೆ ನನ್ನ ಮುಂದೆ ಕೈ ಮುಗಿದು ನಿಂತರು. ನಾನು ಅತ್ತುಬಿಟ್ಟೆ. ನಿನ್ನ ಕಾರ್ಡಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ನಾನೇ ಬರೀಬೇಕು ಅಂತ ಪೆನ್ನೂ ತಗೊಂಡೆ. ಏನಂತ ಬರೀಲಿ? ನಾನು ತಪ್ಪು ಮಾಡಿದ್ದೀನಿ ಅಂತ ನನಗೆ ಅನ್ನಿಸ್ತಿಲ್ಲಮ್ಮ. ನಿನಗೆ ನೋವಾಗಿದೆ ಅಂತ ಗೊತ್ತು. ಎರಡೂ ಒಂದೇ ಅಲ್ಲ. ಸುಳ್ಳು ಬರೀಬಾರದು ಅಂತ ಹಾಗೇ ಅಂಟಿಸಿ ಕಳಿಸಿದೆ.

ಬಾಗಿಲು ಹಾಕಿಕೊಂಡರೆ ಯಾರಾಗಿರ್ತೀಯ ಅಂತ ನೀನು ಕೇಳಿದ್ದೆ. ಉತ್ತರ ಗೊತ್ತಿಲ್ಲ ಅಂತ ಅಲ್ಲ ನಾನು ಬರೆಯದೆ ಇದ್ದದ್ದು. ಬಾಗಿಲು ಹಾಕಿಕೊಂಡರೂ ನಾನು ಇವರವಳೇ ಅಮ್ಮ. ಕನಸು ಕೂಡ ಹಿಂದಿಯಲ್ಲಿ ಬೀಳುತ್ತೆ. ಬೇಜಾರಾಗಬೇಕಿತ್ತು. ಆಗಲಿಲ್ಲ. ಆಗಲಿಲ್ಲವಲ್ಲ ಅಂತ ಒಂದೊಂದು ಸಲ ಭಯ ಆಗುತ್ತೆ, ಅಷ್ಟೇ. ಆ ಭಯ ಹೇಳಿಕೊಳ್ಳೋಕೆ ಇಲ್ಲಿ ಯಾರಿಗೂ ಅರ್ಥ ಆಗೋ ಮಾತು ನನ್ನ ಹತ್ತಿರ ಇಲ್ಲ. ಪಾರಸ್‌ಗೆ ಹೇಳಿದರೆ, ‘ನಾನೂ ಹೊಸಕೋಟೆ ಹುಡುಗನೇ ಅಲ್ವಾ, ನಾನು ಬದಲಾಗಿಲ್ವಾ ಗುರು’ ಅಂತ ನಗ್ತಾನೆ. ಅವನು ಬದಲಾಗಲಿಲ್ಲ. ಅವನು ವಾಪಸ್ ಬಂದ.

ನಾನು ಬರೋಕಾಗಲ್ಲ. ದೊಡ್ಡಪ್ಪನಿಗೆ ನಿಜ ಹೇಳಿಬಿಡು. ನಾನು ಕೇಳದ ಕ್ಷಮೆಗೆ ಅವರು ಎಲೆ ಹಾಕೋದು ಸರಿಯಲ್ಲ.

ದಿವ್ಯ


ಹೊಸಕೋಟೆ
24 ಸೆಪ್ಟೆಂಬರ್ 2025

ದಿವ್ಯ,

ನಿನ್ನ ಕಾಗದ ಹಬ್ಬಕ್ಕೆ ಮುಂಚೇನೇ ಬಂತು. ಗ್ಯಾಸ್ ಏಜೆನ್ಸಿಯೋರಿಗೂ ಹೋಗಿದೆ ಅಂತ ಬರೆದಿದ್ದೀಯಲ್ಲ, ಅದನ್ನ ಓದಿ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಕಾಗದ ಬ್ಯಾಗಲ್ಲಿಟ್ಕೊಂಡು ಭಾನುವಾರ ಬೆಳಗ್ಗೆ ಹೊರಟೆ. ಹೇಳಿಬಿಡಬೇಕು ಅಂತಲೇ ಇದ್ದೆ. ದೇವನಹಳ್ಳಿವರೆಗೂ ಹೇಗೆ ಶುರು ಮಾಡೋದು ಅಂತ ಯೋಚಿಸಿದೆ, ದೊಡ್ಡಬಳ್ಳಾಪುರ ಬರೋ ಹೊತ್ತಿಗೆ ಮಾತು ರೆಡಿ ಇತ್ತು.

ಮನೆ ಮುಂದೆ ಕೊಟ್ಟಿಗೆ ಪಕ್ಕ ಹೊಸ ಒಲೆ ಹೂಡಿದ್ರು. ಹೊಸ ಸ್ಟೀಲ್ ಪಾತ್ರೆ, ಅಂಗಡಿ ಚೀಟಿ ಇನ್ನೂ ಕಿತ್ತಿರಲಿಲ್ಲ. ಬೈರೇಶನ ಹೆಂಡತಿ ಸಿಂಚನ ಬೆಳಗ್ಗೆ ಸ್ನಾನ ಮಾಡಿ, ಆ ಕಡೆಯ ಮಾಂಸದ ಅಡುಗೆ ಮುಟ್ಟದೆ, ನಿನಗೆ ಅಂತ ಬೇರೆ ಮಾಡ್ತಿದ್ದಳು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ನೆಲದೊಳಗೆ ಬೆಳೆದದ್ದು ಒಂದೂ ಇಲ್ಲ. ಎಲ್ಲಾ ಫೋನಲ್ಲಿ ನೋಡ್ಕೊಂಡಿದ್ದಾಳೆ. ಭಾವ ಬಾಗಿಲಲ್ಲೇ ನಿಂತಿದ್ರು. ‘ಎಲ್ಲಿ ಮಗಳು? ಹೊತ್ತು ಮುಳುಗೋಕೆ ಮುಂಚೆ ಅವಳಿಗೆ ಬಡಿಸಿಬಿಡಬೇಕು. ಈ ಸಲ ತಪ್ಪು ನಮ್ಮಿಂದ ಆಗಬಾರದು’ ಅಂದ್ರು.

ರೆಡಿ ಮಾಡಿದ ಮಾತು ಎಲ್ಲಿ ಹೋಯ್ತೋ. ‘ಉಪವಾಸದ ಸುಸ್ತು ಇಳಿದಿಲ್ಲ ಭಾವ. ಡಾಕ್ಟ್ರು ಬೇಡ ಅಂದ್ರು’ ಅಂದೆ. ಅವರು ಆ ಒಲೆ ಕಡೆ ಒಂದು ಸಲ ನೋಡಿದ್ರು. ‘ಕೇಳಿದ್ದಾಳಲ್ಲ, ಸಾಕು ಬಿಡು’ ಅಂದ್ರು. ನಿನಗೆ ಮಾಡಿದ ಊಟ ನಾನು ಉಂಡೆ. ಉಪ್ಪು ಕಮ್ಮಿ ಇತ್ತು.

ನಿಜ ಹೇಳಲಿಲ್ಲ. ಹೇಳಲ್ಲ. ನೀನು ಸುಳ್ಳು ಬರೀಬಾರದು ಅಂತ ಸುಮ್ಮನಿದ್ದೆ, ಅದು ನಿನ್ನ ಮನೆ ನೇಮ. ನಾನು ಇನ್ನೂ ಈ ಮನೆಯೋಳು.

ನಿಮ್ಮಪ್ಪನ ಎಲೆ ಅಣ್ಣತಮ್ಮಂದಿರ ಸಾಲಲ್ಲಿ ಬಿತ್ತು. ಧೂಪ ಬೈರೇಶ ಹಾಕಿದ. ‘ಚಿಕ್ಕಪ್ಪಾ, ಬಾ, ಊಟಕ್ಕೆ ಬಾ’ ಅಂತ ಮೂರು ಸಲ ಕೂಗಿದ. ಒಳ್ಳೆ ಗಂಟಲು. ಬಾಗಿಲು ಮುಚ್ಚಿ ಹೊರಗೆ ಕೂತಾಗ ಮನೆ ತುಂಬಾ ಜನ ನನ್ನ ಅಕ್ಕಪಕ್ಕ. ‘ಇನ್ನು ಪ್ರತಿ ವರ್ಷ ಗೋಪಾಲಂಗೂ ಇವನೇ ಇಡ್ತಾನೆ, ಮುಂದೆ ನಿನಗೂ’ ಅಂದ್ರು ಭಾವ. ಹೋದ ವರ್ಷದಿಂದ ನಾನು ಕೇಳ್ತಿದ್ದದ್ದು ಅದೇ ಅಲ್ವಾ? ಸಿಕ್ತು. ನಿನ್ನ ಮೇಲೆ ಇನ್ನು ಆ ಭಾರ ಇಲ್ಲ. ನೀನು ಬರಲೇಬೇಕು ಅಂತಲೂ ಇಲ್ಲ.

ಅಲ್ಲಿಗೆ ಸುಮ್ಮನಿರಬೇಕಿತ್ತು ನಾನು. ನನಗೆ ಸಿಕ್ಕಿದ್ದು ಕೈಗೆ ಬಂದ ಮೇಲೆ ನಿನ್ನ ಯೋಚನೆ ಬಂತು. ‘ಭಾವ, ಎಷ್ಟೋ ಕಾಲ ಆದ ಮೇಲೆ, ನೂರು ವರ್ಷ ಬಾಳಲಿ, ಅವಳಿಗೂ ಈ ಸಾಲಲ್ಲಿ ಒಂದು ಎಲೆ ಹಾಕಬಹುದಾ’ ಅಂದೆ. ಅವರು ಬೇಜಾರಲ್ಲೇ ಹೇಳಿದ್ರು, ‘ಕೊಟ್ಟ ಹೆಣ್ಣಿಗೆ ನಮ್ಮಲ್ಲಿ ಎಲೆ ಇಲ್ಲ ಕಣಮ್ಮ. ಅವಳು ಆ ಮನೆ ಹಿರಿಯಳಾಗ್ತಾಳೆ. ಅಲ್ಲೇ ಇಡ್ತಾರೆ, ಬಿಡು.’

ಬಸ್ಸಲ್ಲಿ ವಾಪಸ್ ಬರ್ತಾ ಇದೊಂದೇ ತಲೇಲಿ. ನಿಮ್ಮ ಮನೇಲಿ ಹಿರಿಯರಿಗೆ ಏನು ಇಡ್ತಾರೆ? ಯಾವಾಗ ಇಡ್ತಾರೆ? ಲಾಪ್ಸೀನೇ ಆದ್ರೂ ಸರಿ. ನಿನಗೆ ಯಾರಾದ್ರೂ ಇಡ್ತಾರೆ ತಾನೆ?

ನಿನ್ನ
ಅಮ್ಮ


ಪಾಲಿ
9 ಅಕ್ಟೋಬರ್ 2025

ಅಮ್ಮ,

ನಮ್ಮಲ್ಲಿ ಸತ್ತವರಿಗೆ ಏನೂ ಇಡಲ್ಲ.

ಅತ್ತೆಯನ್ನ ಕೇಳಿ ಸರಿಯಾಗಿ ತಿಳಿದುಕೊಂಡೇ ಬರೀತಿದ್ದೀನಿ. ಜೀವ ಹೋದ ಗಳಿಗೆಯಲ್ಲೇ ಇನ್ನೊಂದು ಕಡೆ ಹುಟ್ಟಿಬಿಡುತ್ತಂತೆ. ಅದಕ್ಕೆ ಹಿಂದಿನ ಮನೆ ಇಲ್ಲ, ಹಿಂದಿನವರು ಇಲ್ಲ. ಹಸಿದುಕೊಂಡು ಬಾಗಿಲಲ್ಲಿ ಕಾಯೋದು ಅಂತ ಇಲ್ಲ. ಅದಕ್ಕೇ ಯಾರೂ ಕರೆಯಲ್ಲ. ನನಗೆ ಯಾರು ಇಡ್ತಾರೆ ಅಂತ ನೀನು ಸಂಕಟ ಪಡಬೇಡ. ನನಗೆ ಆಗ ಹಸಿವಾಗಲ್ಲ.

ಇದನ್ನ ನಾನು ನಂಬ್ತೀನಿ. ನನ್ನ ವಿಷಯದಲ್ಲಿ ನಂಬ್ತೀನಿ, ಅತ್ತೆ ಮಾವನ ವಿಷಯದಲ್ಲಿ ನಂಬ್ತೀನಿ. ಅಪ್ಪನ ವಿಷಯಕ್ಕೆ ಬಂದರೆ ಆಗ್ತಿಲ್ಲಮ್ಮ. ಎಲ್ಲೋ ಯಾರದೋ ಮಗುವಾಗಿ ಹುಟ್ಟಿ, ಯಾವುದೋ ಊರಲ್ಲಿ ಶಾಲೆಗೆ ಹೋಗ್ತಿದ್ದಾರೆ ಅಂದ್ಕೊಳ್ಳೋಕೆ ನೋಡಿದೆ. ಆಗಲಿಲ್ಲ. ಬೀಡಿ ಹಚ್ಚಿಕೊಂಡು ನಮ್ಮ ಜಗಲಿಗೇ ಬರ್ತಾರೆ.

ಆ ಭಾನುವಾರ ಹೊತ್ತು ಮುಳುಗುವವರೆಗೂ ನಾನೂ ಏನೂ ತಿನ್ನಲಿಲ್ಲ. ಮುಳುಗಿದ ಮೇಲೆ ತಿನ್ನೋ ಹಾಗಿರಲಿಲ್ಲ. ಯಾವುದೋ ವ್ರತ ಅಂದುಕೊಂಡರು ಎಲ್ಲರೂ.

ಒಲೆಯಿಂದ ಉಪ್ಪಿನವರೆಗೆ ಎಲ್ಲ ಬರೆದಿದ್ದೀಯ. ಬಾಗಿಲು ತೆಗೆದ ಮೇಲಿನದೊಂದು ಬರೆದಿಲ್ಲ. ಎಲೆ ಕದಲಿದೆಯಾ ನೋಡಿದರೆ ನಿನಗೆ ಗೊತ್ತಾಗುತ್ತಲ್ಲ.

ಅಪ್ಪ ಬಂದಿದ್ದರಾ?

ದಿವ್ಯ